ಶಬ್ದವೂ ಮನಶ್ಚಿತ್ರವೂ: ಹಲಗಲಿಯ ಲಾವಣಿಯಿಂದ ಒಂದು ವಿಚಾರ

ಇತಿಹಾಸವನ್ನು ವ್ಯಾಸಂಗ ಮಾಡಿದವರೆಲ್ಲರಿಗೂ ಒಂದು ಅನುಭವ ಉಂಟು. ಒಂದು ಒಪ್ಪಂದದ ನಿಬಂಧನೆಗಳನ್ನು ಹತ್ತು ಸಲ ಓದಿದರೂ ಅವು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದೇ ಕಾಲದಲ್ಲಿ ಸುಟ್ಟುಹೋದ ಒಂದು ಮನೆಯ ವೃತ್ತಾಂತವನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಕಥೆಯ ಸ್ವಾರಸ್ಯವೇ ಇದಕ್ಕೆ ಕಾರಣವೆಂದು ಹೇಳಬಹುದು. ಆದರೆ ಕಾರಣದ ಒಂದು ಭಾಗ ಶಬ್ದಗಳಲ್ಲಿಯೇ ಅಡಗಿದೆ. ಕೆಲವು ಶಬ್ದಗಳು ಕಿವಿಗೆ ಬಿದ್ದೊಡನೆ ಒಳಗಣ್ಣಿನ ಮುಂದೆ ಒಂದು ರೂಪವನ್ನು ನಿಲ್ಲಿಸುತ್ತವೆ. ಕೆಲವು ಅರ್ಥವನ್ನು ಮಾತ್ರ ತಿಳಿಸಿ ಸುಮ್ಮನಾಗುತ್ತವೆ. ಈ ಭೇದಕ್ಕೂ ಜನರ ನೆನಪಿಗೂ ಇರುವ ಸಂಬಂಧವನ್ನು ಜಮಖಂಡಿ, ಮುಧೋಳ ಸೀಮೆಯ ನಿದರ್ಶನಗಳಿಂದ ಪರಿಶೀಲಿಸೋಣ.

'ಜೀವಿ' ಎಂದರೆ ಯಾವ ಆಕಾರವೂ ತೋರುವುದಿಲ್ಲ. 'ಪ್ರಾಣಿ' ಎಂದರೆ ಮಸುಕಾಗಿ ಏನೋ ತೋರುತ್ತದೆ. 'ನಾಯಿ' ಎಂದೊಡನೆ ಚಿತ್ರ ಮೂಡುತ್ತದೆ. 'ಮುಧೋಳದ ಬೇಟೆನಾಯಿ' ಎಂದರೆ ಉದ್ದನೆಯ ಮೂತಿ, ಒಳಸೇರಿದ ಹೊಟ್ಟೆ, ನೀಳವಾದ ಕಾಲುಗಳೊಡನೆ ಅದು ಎದುರಿಗೇ ಬಂದು ನಿಲ್ಲುತ್ತದೆ. ಶಬ್ದವು ಮೂರ್ತವಾದಷ್ಟೂ ಚಿತ್ರವು ಸುಲಭವಾಗುತ್ತದೆ. ಇದನ್ನು ಎಣಿಕೆಗೆ ತಂದವರಲ್ಲಿ ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ ಪ್ರಮುಖರು. ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ 1968ರಲ್ಲಿ 925 ಇಂಗ್ಲಿಷ್ ನಾಮಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಪ್ರತಿಯೊಂದು ಶಬ್ದವೂ ಎಷ್ಟು ಮೂರ್ತವಾದುದು, ಎಷ್ಟು ಬೇಗ ಚಿತ್ರವನ್ನು ಮೂಡಿಸುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳು 1ರಿಂದ 7ರವರೆಗೆ ಅಂಕಗಳನ್ನು ಕೊಟ್ಟಿದ್ದರು. ಈ ಎರಡು ಗುಣಗಳೂ ಬಹುಮಟ್ಟಿಗೆ ಜೊತೆಜೊತೆಯಾಗಿಯೇ ಏರುತ್ತವೆಂದು ಕಂಡುಬಂದಿತು. ಮೂರ್ತಶಬ್ದವು ಮನಸ್ಸಿನಲ್ಲಿ ಮಾತಾಗಿಯೂ ಚಿತ್ರವಾಗಿಯೂ ಎರಡು ಬಗೆಯಲ್ಲಿ ನೆಲೆಗೊಳ್ಳುವುದರಿಂದ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂಬುದು ಪೈವಿಯೊ ಅವರ ಸಿದ್ಧಾಂತ.

ಈಗ ಹಲಗಲಿಗೆ ಬರೋಣ. ಇದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಬೇಡರ ಊರು. 1857ರಲ್ಲಿ ಉತ್ತರ ಹಿಂದೂಸ್ಥಾನದ ದಂಗೆಯಿಂದ ಬೆದರಿದ ಕಂಪನಿ ಸರ್ಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳಲು ಶಾಸನವನ್ನು ಮಾಡಿತು. ಬೇಟೆಯನ್ನೂ ಶೌರ್ಯವನ್ನೂ ನಂಬಿ ಬಾಳುತ್ತಿದ್ದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು. ಊರು ಬೆಂಕಿಗೆ ಆಹುತಿಯಾಯಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು.

ಈ ಸಂಗತಿಯನ್ನು ಕುರಿತು ಜನರು ಹಾಡುತ್ತಿದ್ದ ಲಾವಣಿಯನ್ನು ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಲಾವಣಿಕಾರನ ಮಾರ್ಗವನ್ನು ಗಮನಿಸಬೇಕು. ಅವನ ಮುಂದಾಳುಗಳಿಗೆ ಹೆಸರುಗಳುಂಟು: ಹನುಮ, ಬಾಲ, ಜಡಗ, ರಾಮ. ಊರು ಸೂರೆಯಾದುದನ್ನು ಹೇಳುವಲ್ಲಿ ಅವನು 'ಅಪಾರ ನಷ್ಟ' ಎನ್ನುವುದಿಲ್ಲ. ಹೋದ ಪದಾರ್ಥಗಳನ್ನು ಒಂದೊಂದಾಗಿ ಎಣಿಸುತ್ತಾನೆ. ನೇಗಿಲಿನ ಕುಡ ಹೋಯಿತು, ಕೊಡಲಿ ಹೋಯಿತು; ಹಾಲು, ಬೆಣ್ಣೆ, ಬೆಲ್ಲ, ಅರಿಸಿನ, ಜೀರಿಗೆ, ಊಟದ ಗಂಗಾಳ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರವೂ ಹೋಯಿತು. ದಂಡಿನವನಿಗೆ ಜೀರಿಗೆಯಿಂದ ಆಗಬೇಕಾದುದೇನು? ಏನೂ ಇಲ್ಲ. ಆದುದರಿಂದಲೇ ಆ ಒಂದು ಮಾತು ನಮ್ಮನ್ನು ಅಡಿಗೆಮನೆಯ ಒಳಕ್ಕೆ ಕರೆದೊಯ್ದು, ಬರಿದಾದ ಡಬ್ಬಿಗಳನ್ನೂ ಕಲ್ಲಿಲ್ಲದ ಮೂಲೆಯನ್ನೂ ತೋರಿಸುತ್ತದೆ. 'ನಿಶ್ಶಸ್ತ್ರೀಕರಣ' ಎಂಬ ಸರ್ಕಾರದ ಶಬ್ದದಲ್ಲಿ ಈ ಮನೆ ಕಾಣಿಸುವುದಿಲ್ಲ. ಓದುಬರಹವಿಲ್ಲದ ಜನರೂ ಹಲಗಲಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಇಂತಹ ಶಬ್ದಗಳು ಆಧಾರವಾದವು.

ಈ ತತ್ತ್ವವು ನಮ್ಮವರಿಗೆ ಹೊಸದಲ್ಲ. ನಡೆದುಹೋದ ಅರ್ಥಗಳೂ ನಡೆಯಲಿರುವ ಅರ್ಥಗಳೂ ಪ್ರತ್ಯಕ್ಷದಂತೆ ಕಾಣುವ ಗುಣಕ್ಕೆ ಆಲಂಕಾರಿಕನಾದ ಭಾಮಹನು 'ಭಾವಿಕ' ಎಂದು ಹೆಸರಿಟ್ಟನು. ಮುಧೋಳದವನೇ ಆದ ರನ್ನ ಕವಿಯು ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಯಿಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಇವರೊಬ್ಬೊಬ್ಬರ ಕಳೇಬರವನ್ನೂ ಕಂಡು ಅವನು ಮರುಗುವಾಗ, ಮುಗಿದುಹೋದ ಯುದ್ಧವೆಲ್ಲ ನಮ್ಮ ಕಣ್ಣಿಗೆ ಕಟ್ಟುತ್ತದೆ.

ಹಾಗಾದರೆ ಮೂರ್ತತೆಯೂ ಚಿತ್ರಸೌಲಭ್ಯವೂ ಒಂದೆಯೆ? ಅಲ್ಲ. 'ಕೋಪ' ಎಂಬುದು ಮುಟ್ಟಲಾಗದ ವಸ್ತು. ಆದರೂ ಕೆಂಪಾದ ಕಣ್ಣು, ಅದುರುವ ತುಟಿ ಒಡನೆಯೇ ತೋರುತ್ತವೆ. 'ಕುಡ' ಎಂಬುದು ಕಬ್ಬಿಣದಷ್ಟು ಮೂರ್ತವಾದುದು. ಆದರೆ ನೇಗಿಲನ್ನು ಹತ್ತಿರದಿಂದ ನೋಡದ ಪಟ್ಟಣಿಗನಿಗೆ ಅದು ಬರಿಯ ಸದ್ದು. ಮೂರ್ತತೆಯು ವಸ್ತುವಿಗೆ ಸಂಬಂಧಪಟ್ಟುದು. ಚಿತ್ರವು ಕೇಳುವವನ ಅನುಭವಕ್ಕೆ ಸಂಬಂಧಪಟ್ಟುದು. ಬನಹಟ್ಟಿ, ರಬಕವಿಗಳು ನೇಕಾರರ ಊರುಗಳು. ಅಲ್ಲಿ 'ಹಾಸು' ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು. 'ಹೊಕ್ಕು' ಎಂದರೆ ಲಾಳಿಯೊಡನೆ ಅಡ್ಡಡ್ಡ ಓಡಾಡುವ ನೂಲು. ಪಟ್ಟಣದ ನಾವು 'ಹಾಸುಹೊಕ್ಕಾಗಿ ಬೆರೆತಿದೆ' ಎಂದು ದಿನವೂ ಬರೆಯುತ್ತೇವೆ. ಆದರೆ ನೂಲಾಗಲಿ ಮಗ್ಗವಾಗಲಿ ನಮಗೆ ಕಾಣಿಸುವುದಿಲ್ಲ. ಒಂದೇ ಶಬ್ದ ನೇಕಾರನಿಗೆ ಮೂರ್ತ, ನಮಗೆ ಅಮೂರ್ತ. ಬೀಸುವ ಕಲ್ಲು ಮನೆಗಳಿಂದ ಹೊರಬಿದ್ದಂತೆ ಲಾವಣಿಯ ಚಿತ್ರಗಳೂ ಒಂದೊಂದಾಗಿ ಮಸುಕಾಗುತ್ತವೆ. ಪದ್ಯ ಉಳಿದರೂ ನೋಟ ಉಳಿಯುವುದಿಲ್ಲ. ಇದು ನಾವು ಯೋಚಿಸಬೇಕಾದ ನಷ್ಟ. ಹಲಗಲಿಯ ಪಾಠವನ್ನು ಹೇಳುವ ಉಪಾಧ್ಯಾಯರು ಕುಡವನ್ನೂ ಗಂಗಾಳವನ್ನೂ ಮಕ್ಕಳ ಕೈಗೆ ಕೊಡುವುದು ಅಲಂಕಾರಕ್ಕಾಗಿ ಅಲ್ಲ. ಅದು ಪಾಠದ ಅಂಗವೇ ಆಗಿದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಸ್ಪಷ್ಟವಾಗಿ ಕಂಡುದೆಲ್ಲವೂ ಪೂರ್ಣ ಸತ್ಯವಲ್ಲ. ಹಲಗಲಿ ಹೇಗೆ ಉರಿಯಿತೆಂಬುದನ್ನು ಲಾವಣಿ ತೋರಿಸುತ್ತದೆ. ಏಕೆ ಉರಿಯಿತು, 1858ರ ಮೇ ತಿಂಗಳಲ್ಲಿ ನರಗುಂದವು ಬಂಡೆದ್ದುದಕ್ಕೂ ಇದಕ್ಕೂ ಏನು ಸಂಬಂಧ ಎಂದು ವಿಚಾರಿಸಬೇಕಾದರೆ ಶಾಸನ, ಅಧಿಕಾರ, ಸಂಸ್ಥಾನಗಳ ಪರಾಧೀನತೆ ಮುಂತಾದ ಚಿತ್ರವಿಲ್ಲದ ಶಬ್ದಗಳು ಬೇಕೇ ಬೇಕು. ಕಾರಣಗಳು ಕಣ್ಣಿಗೆ ಕಾಣುವಂಥವಲ್ಲ.

1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಬಾನುಲಿಯಲ್ಲಿ ಚಿತ್ರವಿಲ್ಲ, ಕೇಳುವವರೇ ಅದನ್ನು ಬರೆದುಕೊಳ್ಳಬೇಕು. ಇತಿಹಾಸವನ್ನು ಹೇಳುವವನ ಸ್ಥಿತಿಯೂ ಅದೇ. ಅವನು ಮೊದಲು ಆ ಮನೆಯ ಬೀಸುವ ಕಲ್ಲನ್ನು ತೋರಿಸಲಿ, ಅನಂತರ ಶಾಸನದ ಅರ್ಥವನ್ನು ತಿಳಿಸಲಿ. ಹಾಗೆ ಮಾಡಿದರೆ ಕೇಳಿದವರು ಎರಡನ್ನೂ ಮರೆಯಲಾರರು.