ಬಾಳೂರಿನ ತೋಟದ ಜೀಪು ಮತ್ತು ಅದರ ಪಟ್ಟಿಗಳು

ಮೂಡಿಗೆರೆ, ಕಳಸಗಳ ನಡುವಿನ ಬಾಳೂರು ಸೀಮೆಯ ಕಾಫಿ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಕೆಲಸದವರನ್ನೆಲ್ಲ ಹೊತ್ತು ತಿರುಗಿದ್ದು ಜೀಪು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಆ ಜೀಪಿನ ನಾಲ್ಕೂ ಚಕ್ರಗಳ ಬಳಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಭಾರ ಹೆಚ್ಚಾದರೆ ಇನ್ನೊಂದು ಪಟ್ಟಿ ಸೇರಿಸಬಹುದು, ಮುರಿದದ್ದನ್ನು ಮಾತ್ರ ಬದಲಿಸಬಹುದು. ಮಳೆಗಾಲದ ಕೊರಕಲು ದಾರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ. 2000ದಲ್ಲಿ ಬಂದ ಮಹೀಂದ್ರದ್ದೇ ಬೊಲೆರೊ ಮುಂದಕ್ಕೆ ಸುರುಳಿ ಸ್ಪ್ರಿಂಗ್ ತಂದರೂ ಹಿಂದೆ ಪಟ್ಟಿಯನ್ನೇ ಉಳಿಸಿಕೊಂಡಿತು.

ಇಂಥ ಪಟ್ಟಿಗಳನ್ನೇ ಬದಲಿಸಿ ಪಿಕಪ್ ಗಾಡಿಯ ಎತ್ತರ ತಗ್ಗಿಸುವ ಶೋಕಿ ಅಮೆರಿಕದ ನುಣುಪು ರಸ್ತೆಗಳದ್ದು. ಬಾಗು ಕಡಿಮೆಯಾದ ಪಟ್ಟಿ ಹಾಕಿ, ಅದಕ್ಕೆ ತಕ್ಕ ಗಿಡ್ಡ ಶಾಕ್ ಅಬ್ಸಾರ್ಬರ್ ಕೂರಿಸದಿದ್ದರೆ ಹಳೆಯ ಉದ್ದದ ಶಾಕ್ ಗುಂಡಿಯಲ್ಲಿ ತಳ ಬಡಿದು ಎಣ್ಣೆ ಸೋರುತ್ತದೆ. ದಾರಿ ನಡುವಿನ ಕಲ್ಲು, ಬೇರು ಗಾಡಿಯ ಹೊಟ್ಟೆಗೆ ತಾಗುವ ಮಲೆನಾಡಿನ ತೋಟಕ್ಕೆ ಬೇಕಾದದ್ದು ಎತ್ತರದ ಗಾಡಿಯೇ.