ಆಸ್‌ಗುಡ್-ಶ್ಲಾಟರ್ ವ್ಯಾಧಿ

ಓಟ, ನೆಗೆತಗಳು ಹೆಚ್ಚಿರುವ ಆಟಗಳಲ್ಲಿ ತೊಡಗುವ ಬೆಳೆಯುವ ಮಕ್ಕಳಲ್ಲಿ, ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಮತ್ತು ಊತವಾಗಿ ಕಾಣಿಸಿಕೊಳ್ಳುವ ತೊಂದರೆ. ಬಾಸ್ಟನ್ನಿನ ರಾಬರ್ಟ್ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ 1903ರಲ್ಲಿ ಬೇರೆಬೇರೆಯಾಗಿ ವಿವರಿಸಿದ್ದರಿಂದ ಈ ಹೆಸರು ಬಂದಿದೆ. ವ್ಯಾಧಿ ಎಂದು ಕರೆದರೂ ಇದು ಸೋಂಕಲ್ಲ, ಅತಿಬಳಕೆಯಿಂದಾಗುವ ಗಾಯ.

ತೊಡೆಯ ಮುಂಭಾಗದ ಬಲಿಷ್ಠ ಸ್ನಾಯುಗಳು ಸ್ನಾಯುರಜ್ಜು ಎಂಬ ಗಟ್ಟಿ ನಾರಿನ ಪಟ್ಟಿಯ ಮೂಲಕ ಟಿಬಿಯಾ ಎಂಬ ಕಣಕಾಲಿನ ಮೂಳೆಯನ್ನು ಎಳೆಯುತ್ತವೆ. ಆ ಪಟ್ಟಿ ಅಂಟಿಕೊಳ್ಳುವ ಜಾಗ ವಯಸ್ಕರಲ್ಲಿ ಗಟ್ಟಿ ಮೂಳೆಯಾಗಿದ್ದರೆ, ಹದಿಹರೆಯದಲ್ಲಿ ಇನ್ನೂ ಮೃದ್ವಸ್ಥಿಯಿಂದ ಕೂಡಿದ ಬೆಳವಣಿಗೆಯ ತಾಣವಾಗಿರುತ್ತದೆ. ಎತ್ತರ ಸರ್ರನೆ ಏರುವ ತಿಂಗಳುಗಳಲ್ಲಿ ಮೂಳೆ ಬೆಳೆಯುವ ವೇಗಕ್ಕೆ ಸ್ನಾಯುಗಳು ಹೊಂದಿಕೊಳ್ಳದೆ ಬಿಗಿಯಾಗುವುದರಿಂದ ಪ್ರತಿ ನೆಗೆತದ ಎಳೆತವೂ ಈ ದುರ್ಬಲ ಜಾಗದ ಮೇಲೆಯೇ ಬೀಳುತ್ತದೆ. ಬೆಳವಣಿಗೆಯ ಈ ಘಟ್ಟ ಹುಡುಗಿಯರಲ್ಲಿ ಮೊದಲು ಬರುವುದರಿಂದ ನೋವೂ ಅವರಲ್ಲಿ ಒಂದೆರಡು ವರ್ಷ ಮುಂಚಿತವಾಗಿ ತೋರುತ್ತದೆ.

ಸಾಮಾನ್ಯವಾಗಿ ವೈದ್ಯರು ಕೈಯಿಂದ ಒತ್ತಿ ನೋಡಿಯೇ ಇದನ್ನು ಗುರುತಿಸುತ್ತಾರೆ. ಆಟವನ್ನು ಪೂರ್ತಿ ನಿಲ್ಲಿಸುವ ರೂಢಿಯ ಸಲಹೆ ಹೆಚ್ಚಿನ ಮಕ್ಕಳಿಗೆ ಅನಗತ್ಯ: ನೋವಿಗೆ ತಕ್ಕಂತೆ ಅಭ್ಯಾಸ ತಗ್ಗಿಸುವುದು, ನೋವಿನ ಜಾಗಕ್ಕೆ ಮಂಜುಗಡ್ಡೆ ಇಡುವುದು, ತೊಡೆಯ ಸ್ನಾಯುಗಳನ್ನು ಹಿಗ್ಗಿಸಿ ಬಲಪಡಿಸುವ ವ್ಯಾಯಾಮ ಸಾಕಾಗುತ್ತವೆ. ರಾತ್ರಿ ಎಬ್ಬಿಸುವ ನೋವು, ಜ್ವರ, ಅಥವಾ ಪೆಟ್ಟಿನ ನಂತರ ಕಾಲು ಚಾಚಲಾಗದ ಸ್ಥಿತಿ ಇದ್ದರೆ ಬೇರೆ ಕಾರಣವನ್ನು ಶಂಕಿಸಿ ಎಕ್ಸ್-ರೇ ಮುಂತಾದ ತಪಾಸಣೆ ಮಾಡಿಸಬೇಕು. ಬೆಳವಣಿಗೆ ಮುಗಿದಾಗ ನೋವು ಬಹುತೇಕ ತಾನಾಗಿಯೇ ಶಮನವಾಗುತ್ತದೆ. ಉಬ್ಬು ಮಾತ್ರ ಕೆಲವರಲ್ಲಿ ಉಳಿಯುತ್ತದೆ.