ಗಣಪತಿಯ ನೆತ್ತಿಯ ಮೇಲೆ ತೋಟ, ಬೆಟ್ಟ

ಅಡಕೆ ಸೀಮೆಯಲ್ಲಿ ಒಂದು ಮನೆಯ ಬದುಕು ಹೇಗಿದೆ ಎಂದು ತಿಳಿಯಲು ಪಹಣಿ ತೆಗೆಸಬೇಕಿಲ್ಲ, ಚೌತಿಯ ದಿನ ಅವರ ಫಲಾವಳಿ ನೋಡಿದರೆ ಸಾಕು ಎನ್ನುತ್ತಿದ್ದರು ನಮ್ಮ ದೊಡ್ಡಪ್ಪ. ಅವರು ತಮಾಷೆಗೆ ಹೇಳಿದ್ದು. ನನಗೆ ಅದರಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ಚರಿತ್ರೆಯೇ ಕಾಣುತ್ತದೆ.

ಗಣಪತಿಯ ಪೀಠದ ಮೇಲೆ ಅಡಕೆ ದಬ್ಬೆಯ ಚೌಕಟ್ಟೊಂದನ್ನು ಜಂತಿಗೆ ತೂಗುಬಿಟ್ಟು, ಅದರ ತುಂಬ ಕಾಯಿ, ಹಣ್ಣು, ಹೂ ಕಟ್ಟುವುದೇ ಫಲಾವಳಿ. ಹಸಿ ಅಡಕೆ ಕೊನೆ, ಸಿಂಗಾರ, ಬಾಳೆಗೊನೆ, ಚಕ್ಕೋತ, ಕಂಚಿ ತೋಟದವು. ಮೊಗೆಕಾಯಿ, ಹೀರೆ, ಪಡವಲ, ಹಾಗಲ ಹಿತ್ತಲಿನವು. ಉಪ್ಪಾಗೆ, ಅಮಟೆ, ಕೆಂಪಗೆ ಹಣ್ಣಾದ ಕಾಡುಪಡವಲ, ಅಗ್ನಿಶಿಖೆ ಹೂ ಬೆಟ್ಟದವು. ಅಗ್ನಿಶಿಖೆಯ ಗಿಡವೆಲ್ಲ ವಿಷ, ಗಡ್ಡೆಯಲ್ಲಂತೂ ಹೆಚ್ಚು; ಹೂವನ್ನಷ್ಟೇ ಜೋಪಾನವಾಗಿ ಕೊಯ್ಯಬೇಕು. ಕಟ್ಟಲು ಎಡಮುರಿ ತೊಗಟೆಯ ಹಸಿ ನಾರು; ಪ್ಲಾಸ್ಟಿಕ್ ದಾರ ಜಾರುವಲ್ಲಿ ಅದು ತೊಟ್ಟನ್ನು ಕಚ್ಚಿ ಹಿಡಿಯುತ್ತದೆ. "ಭಾರದ್ದೆಲ್ಲ ಮೂಲೆಗೆ ಕಟ್ಟವು ತಮಾ, ನಡುವೆ ಹಗೂರದ್ದು" ಎಂದು ದೊಡ್ಡಪ್ಪ ಕೆಳಗೆ ನಿಂತು ಹೇಳುತ್ತಿದ್ದರೆ ನಾನು ಏಣಿಯ ಮೇಲೆ. ಗಡಿಯಾಚೆ ಗೋವೆಯಲ್ಲಿ ಇದರ ನಂಟಿನ ಮಾಟೋಳಿ ಇದೆ. ಅಲ್ಲಿ ಸರ್ಕಾರವೇ ಅದಕ್ಕೆ ಸ್ಪರ್ಧೆ ಏರ್ಪಡಿಸುತ್ತದೆ.

ನಮ್ಮ ಫಲಾವಳಿಯ ಪಟ್ಟಿಯಲ್ಲಿ ಬೆಟ್ಟದ ಪಾಲು ಸುಲಭಕ್ಕೆ ದಕ್ಕಿದ್ದಲ್ಲ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂದೆ ಅರಣ್ಯ ಇಲಾಖೆಯ ಹಿಡಿತ ಬಿಗಿಯಾದಾಗ, ತೋಟಿಗರಿಗೆ ಉಳಿದದ್ದು ಸೊಪ್ಪಿನ ಬೆಟ್ಟದ ಸವಲತ್ತು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ. ಸೊಪ್ಪು, ದರಕು ತರಬಹುದು. ನೆಲ ಮಾತ್ರ ಸರ್ಕಾರದ್ದು. ತೋಟಕ್ಕೆ ಗೊಬ್ಬರ ಕೊಟ್ಟ ಬೆಟ್ಟವೇ ಗಣಪತಿಗೆ ಉಪ್ಪಾಗೆಯನ್ನೂ ಕೊಟ್ಟಿತು.

ಕಾಡನ್ನು ಉಳಿಸಿಕೊಳ್ಳಲೂ ಹೋರಾಡಬೇಕಾಯಿತು. 1983ರ ಸೆಪ್ಟೆಂಬರ್ 8ರಂದು, ಚೌತಿ ಬಾಗಿಲಿಗೆ ಬಂದಿದ್ದಾಗ, ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಆದರೆ ಮುಂದಿನ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು. ಹಣ್ಣಾಗಿ ಉದುರುವವರೆಗೆ ಕಾಯುವ ತಾಳ್ಮೆ ಹೋಯಿತು. ಟೊಂಗೆ ಕಡಿದು ಕಾಯಿ ಇಳಿಸಿದರು. ಫಲಾವಳಿಗೆ ಬೇಕಾದ ಒಂದು ಗೊಂಚಲು ಸಿಗುವುದೂ ಕಷ್ಟವಾಯಿತು.

ಈಗ ಆ ಜಾಗಕ್ಕೆ ಪೇಟೆಯ ಸೇಬು, ದಾಳಿಂಬೆ ಬಂದಿವೆ. ಸಾರ್ವಜನಿಕ ಗಣಪತಿಗಳಲ್ಲಿ ಫಲಾವಳಿಯನ್ನು ಸವಾಲು ಹಾಕುವಾಗ ಇವಕ್ಕೇ ಗಿರಾಕಿ ಹೆಚ್ಚು. ಮನೆಯ ಫಲಾವಳಿಯಾದರೆ ಅಡುಗೆಮನೆಗೆ ಹೋಗುತ್ತದೆ: ಮೊಗೆಕಾಯಿ ಹುಳಿಗೆ, ಕಂಚಿ ಗೊಜ್ಜಿಗೆ. ಸೇಬಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದು ನಮ್ಮ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಪೇಟೆ ಹತ್ತಿರವಿದೆ ಎಂಬುದನ್ನು ಬಿಟ್ಟು. ಉಪ್ಪಾಗೆ ಸಿಗದ ವರ್ಷ ಆ ಜಾಗ ಖಾಲಿಯೇ ಇರಲಿ ಎಂದು ಮನೆಯಲ್ಲಿ ಹೇಳಿದ್ದೇನೆ. ಮಕ್ಕಳು ಏಕೆಂದು ಕೇಳಿದರೆ ಬೆಟ್ಟದ ಸುದ್ದಿ ತೆಗೆಯಲು ಒಂದು ನೆಪವಾಗುತ್ತದೆ.